ಆಂತ್ವಾನೆಟ್ ಎಂಜಿನ್ನನ್ನು ಡಬ್ಬಾ ಎನ್ನಬೇಡಿ

ಸ್ನೇಹಿತರೇ, ಫ್ರಾನ್ಸಿನ ಹಳೆಯ ವಿಮಾನ ಎಂಜಿನ್ ಆಂತ್ವಾನೆಟ್ ಕುರಿತ ಕಳೆದ ಕಂತಿಗೆ ಬಂದ ಒಂದು ಕಾಮೆಂಟ್ ನನ್ನ ನೆತ್ತಿಗೇರಿದೆ. "ಫ್ರಾನ್ಸಿನಿಂದ ಇಂಗ್ಲಿಷ್ ಕಾಲುವೆ ದಾಟಲು ಹೊರಟ ವೈಮಾನಿಕ ಲ್ಯಾಥಮ್‌ನನ್ನು ಎರಡು ಸಲ ಸಮುದ್ರಕ್ಕೆ ಕೆಡವಿದ ಡಬ್ಬಾ ಎಂಜಿನ್ನಿಗೆ ಇಷ್ಟೊಂದು ಹೊಗಳಿಕೆಯೇ?" ಡಬ್ಬಾ ಅಂತೆ! ಯುರೋಪಿಗೆ ಹಾರುವುದನ್ನು ಕಲಿಸಿದ್ದೇ ಆಂತ್ವಾನೆಟ್.

1906ರ ನವೆಂಬರ್ 12ರಂದು ಪ್ಯಾರಿಸ್ಸಿನಲ್ಲಿ ವೈಮಾನಿಕ ಸಾಂತೋಸ್ ದ್ಯುಮೋಂ 220 ಮೀಟರ್ ಹಾರಿದಾಗ ಅವನ ಬೆನ್ನ ಹಿಂದೆ ಗುಡುಗುತ್ತಿದ್ದುದು ಯಾವುದು? ಆಂತ್ವಾನೆಟ್. 1908ರ ಜನವರಿಯಲ್ಲಿ ಫಾರ್ಮನ್ ಒಂದು ಕಿಲೋಮೀಟರ್ ಸುತ್ತಿ ಹೊರಟಲ್ಲಿಗೇ ಬಂದಾಗ? ಆಂತ್ವಾನೆಟ್. ಅದೇ ವರ್ಷ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಕೋಡಿ ಮೇಲೇರಿದಾಗ? ಮತ್ತೆ ಅದೇ!

ಈ ಎಂಜಿನ್ನನ್ನು ರೂಪಿಸಿದ ಲೆವಾವಸ್ಸೆರ್ ಎಂಬಾತ ಕಲೆ ಕಲಿತು ಎಂಜಿನಿಯರ್ ಆದವನು. ಅವನ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಿ. ವಿ ಆಕಾರದಲ್ಲಿ ಎಂಟು ಸಿಲಿಂಡರ್, 50 ಅಶ್ವಶಕ್ತಿ. ಸಿಲಿಂಡರಿನ ಸುತ್ತ ವಿದ್ಯುತ್ ಲೇಪನದಿಂದ ಬೆಳೆಸಿದ ತೆಳುವಾದ ತಾಮ್ರದ ಕವಚ, ಅದರೊಳಗೆ ನೀರು. ಆಂತ್ವಾನೆಟ್ ವಿಮಾನದಲ್ಲಿ ಆ ನೀರನ್ನು ಕುದಿಯಲು ಬಿಟ್ಟು, ಹಬೆಯನ್ನು ವಿಮಾನದ ಪಕ್ಕೆಗಳುದ್ದಕ್ಕೂ ಇಟ್ಟ ಕೊಳವೆಗಳಲ್ಲಿ ತಣಿಸಿ, ಮತ್ತೆ ನೀರಾಗಿಸಿ ಒಳಗೆ ಕಳಿಸುತ್ತಿದ್ದರು. ನೀರು ಹಬೆಯಾಗುವಾಗ ಅಪಾರ ಶಾಖವನ್ನು ಹೀರುತ್ತದೆ. ಹಾಗಾಗಿ ಸ್ವಲ್ಪ ನೀರು ಹೊತ್ತರೂ ಸಾಕು! ಒಂದೊಂದು ಕಿಲೋ ತೂಕಕ್ಕೂ ಪರದಾಡುತ್ತಿದ್ದ ಕಾಲದಲ್ಲಿ ಇಂಥ ತಲೆ ಇನ್ನೆಷ್ಟು ಜನರಿಗಿತ್ತು?

ಚಾನೆಲ್ಲಿಗೆ ಇನ್ನೂ ಸಬ್‌ಸ್ಕ್ರೈಬ್ ಆಗದವರು ಈಗಲೇ ಆಗಿಬಿಡಿ. ಕನ್ನಡದಲ್ಲಿ ಹಳೆಯ ಎಂಜಿನ್‌ಗಳ ಕಥೆಯನ್ನು ಇಷ್ಟು ಪ್ರೀತಿಯಿಂದ ಹೇಳುವ ಚಾನೆಲ್ ಇದು.

"ಬ್ಲೆರಿಯೋ 1909ರ ಜುಲೈ 25ರಂದು ಗಾಳಿಯಲ್ಲೇ ತಣಿಯುವ ಆನ್ಜಾನಿ ಎಂಜಿನ್ನಿನಿಂದ ಇಂಗ್ಲಿಷ್ ಕಾಲುವೆ ದಾಟಿದನಲ್ಲ?" ಎನ್ನುತ್ತೀರಾ? ದಾಟಿದ, ಸಂತೋಷ. ಆದರೆ ಅದೇ ಬ್ಲೆರಿಯೋ 1907ರಲ್ಲಿ ತನ್ನ ವಿಮಾನಕ್ಕೆ ಕೂರಿಸಿಕೊಂಡಿದ್ದುದು ಆಂತ್ವಾನೆಟ್ಟನ್ನೇ. ಇದನ್ನು ಮಾತ್ರ ಯಾರೂ ಎತ್ತುವುದಿಲ್ಲ!

ಇನ್ನು ಆಂತ್ವಾನೆಟ್ಟಿನಲ್ಲಿ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರ್ ಬದಲು ಪಂಪಿನಿಂದ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ ಇತ್ತು. ಕಸ ಸೇರಿದರೆ ಪೆಟ್ರೋಲ್ ಚಿಮ್ಮುವ ಸಣ್ಣ ರಂಧ್ರ ಕಟ್ಟಿಕೊಳ್ಳುತ್ತಿತ್ತು, ಒಪ್ಪುತ್ತೇನೆ. ಅದಕ್ಕೆ ಬೈಯಬೇಕಾದದ್ದು ಕಸವನ್ನು, ಎಂಜಿನ್ನನ್ನಲ್ಲ! ಎರಡು ಸಲ ನೀರಿಗೆ ಬಿದ್ದ ಮಾತ್ರಕ್ಕೆ ಅಷ್ಟೂ ಹಾರಾಟ ಸುಳ್ಳಾಗುತ್ತದೆಯೇ? ಡಬ್ಬಾ ಅಲ್ಲ. ಅಲ್ಲವೇ ಅಲ್ಲ. ಯಾರು ಬೇಕಾದರೂ ವಾದಕ್ಕೆ ಬನ್ನಿ, ನಾನು ತಯಾರಿದ್ದೇನೆ.

ಮುಂದಿನ ಕಂತು ಪಾಲ್ ಕೊರ್ನ್ಯು 1907ರಲ್ಲಿ ಕಟ್ಟಿದ ಹೆಲಿಕಾಪ್ಟರಿನದು. ಅದರಲ್ಲಿದ್ದ ಎಂಜಿನ್ ಯಾವುದೆಂದು ಊಹಿಸಿ ಕೆಳಗೆ ಬರೆಯಿರಿ. ಈ ಕಂತನ್ನು ಕೇಳಿದವರಿಗೆ ಕಷ್ಟವಾಗಬಾರದು.