ಬಿಳಿಗೊಂದು ಕೋಡ್, ಕಪ್ಪಿಗೊಂದು ಕೋಡ್ ಯಾಕೆ?

ನಾನು ಬರೆದ ಚೆಸ್ ಎಂಜಿನ್, ಅಂದರೆ ಚೆಸ್ ಆಡುವ ಪ್ರೋಗ್ರಾಮ್, ಬಿಳಿಯಾಗಿ ಚೆನ್ನಾಗಿ ಆಡುತ್ತಿತ್ತು. ಕಪ್ಪಾಗಿ ಆಡಿದರೆ ಮಾತ್ರ, ತಡೆಯಿಲ್ಲದೆ ಮುಂದೆ ಹೋಗಬಹುದಾದ ಕಾಲಾಳನ್ನು, ಅದೇ ಪಾಸ್ಡ್ ಪಾನ್ ಅನ್ನು, ಸುಮ್ನೆ ಬಿಟ್ಟುಕೊಡುತ್ತಿತ್ತು. ಕ್ರ್ಯಾಶ್ ಇಲ್ಲ, ಎರರ್ ಇಲ್ಲ. ಕಾರಣ ಸಿಗುವ ಹೊತ್ತಿಗೆ ಸಾಕುಸಾಕಾಗಿತ್ತು.

ಆಗಿದ್ದು ಇಷ್ಟೇ. ಬಿಳಿಗೆ ಇವ್ಯಾಲ್ಯುಯೇಷನ್, ಅಂದರೆ ಪೊಸಿಷನ್ ಎಷ್ಟು ಒಳ್ಳೆಯದು ಅಂತ ಅಂಕ ಹಾಕುವ ಕೋಡ್, ಬರೆದು, ಅದನ್ನೇ ಕಾಪಿ ಮಾಡಿ ಕಪ್ಪಿಗೆ ತಿದ್ದಿದ್ದೆ. ಮುಂದೊಂದು ದಿನ ಪಾಸ್ಡ್ ಪಾನ್ ಬೋನಸ್ ಹೆಚ್ಚಿಸಿದೆ. ಬಿಳಿಯ ಕಡೆ ಮಾತ್ರ. ಕಪ್ಪಿನ ಕಡೆ ಮರೆತೇಹೋಯಿತು.

ಅದಕ್ಕೇ ಹೇಳುತ್ತೇನೆ, ಬಿಳಿ–ಕಪ್ಪು ಅನ್ನುವ ಯೋಚನೆಯನ್ನೇ ಬಿಡಿ. 'ನಮ್ಮ ಕಡೆ', 'ಎದುರಾಳಿ' ಅಂತ ಬರೆಯಿರಿ. ಫಂಕ್ಷನ್ ಒಂದೇ, ಬಣ್ಣ ಅದಕ್ಕೊಂದು ಪ್ಯಾರಾಮೀಟರ್. ಎರಡು ಸಲ ಕರೆದು, ಒಂದರಿಂದ ಇನ್ನೊಂದನ್ನು ಕಳೆಯಿರಿ. ಇದು ಹೊಸದೇನಲ್ಲ. ಗಣಿತಜ್ಞ ಕ್ಲಾಡ್ ಶಾನನ್ 1950ರಲ್ಲಿ ಪ್ರಕಟಿಸಿದ ಸೂತ್ರದಲ್ಲೂ ಮಂತ್ರಿಗೆ 9, ಆನೆಗೆ 5, ಒಂಟೆಗೂ ಕುದುರೆಗೂ ತಲಾ 3, ಕಾಲಾಳಿಗೆ 1 ಅಂತ ಒಂದೇ ಲೆಕ್ಕ. ಬಿಳಿಯದರಿಂದ ಕಪ್ಪಿನದನ್ನು ಕಳೆಯುವುದು, ಅಷ್ಟೇ.

ಯಾವ ಮನೆಯಲ್ಲಿ ಯಾವ ಕಾಯಿಗೆ ಎಷ್ಟು ಅಂಕ ಅನ್ನುವ ಟೇಬಲ್ ಇರುತ್ತದಲ್ವಾ, ಅದೂ ಎರಡು ಬೇಡ. ಎ1 ಮನೆಗೆ 0, ಎಚ್8ಗೆ 63 ಅಂತ ಸಾಲುಸಾಲಾಗಿ ನಂಬರ್ ಕೊಟ್ಟಿದ್ದರೆ, ಕಪ್ಪಿನ ಕಾಯಿಗೆ ಮನೆಯ ನಂಬರನ್ನು 56ರ ಜೊತೆ ಎಕ್ಸಾರ್ (XOR, ಎರಡು ನಂಬರಿನ ಬಿಟ್‌ಗಳು ಬೇರೆಯಾದಲ್ಲಿ 1 ಕೊಡುವ ಲೆಕ್ಕ) ಮಾಡಿ. ಇ2 ಅಂದರೆ 12. ಅದು 52 ಆಗುತ್ತದೆ, ಅಂದರೆ ಇ7. ಬೋರ್ಡ್ ತಲೆಕೆಳಗಾಯಿತು! ಇದನ್ನು ಮೊದಲ ಸಲ ನೋಡಿದಾಗ ನನಗಾದ ಖುಷಿ ಇನ್ನೂ ನೆನಪಿದೆ.

ವೇಗ ಕಡಿಮೆಯಾಗುತ್ತದೆ ಅಂತ ಕೆಲವರು ಹೆದರುತ್ತಾರೆ. ಸಿ++ ನಲ್ಲಿ ಬಣ್ಣವನ್ನು ಟೆಂಪ್ಲೇಟ್ ಪ್ಯಾರಾಮೀಟರ್, ಅಂದರೆ ಕಂಪೈಲ್ ಆಗುವಾಗಲೇ ನಿಗದಿಯಾಗುವ ಪ್ಯಾರಾಮೀಟರ್, ಮಾಡಿ. ಹೆಸರಾಂತ ಚೆಸ್ ಎಂಜಿನ್ ಸ್ಟಾಕ್‌ಫಿಶ್‌ನ ಹಳೆಯ, ಕೈಯಲ್ಲಿ ಬರೆದ ಇವ್ಯಾಲ್ಯುಯೇಷನ್ ಕೂಡ ಹೀಗೇ ಇತ್ತು. ಎರಡು ಕಾಪಿಯನ್ನು ಕಂಪೈಲರ್ ತಾನೇ ಮಾಡಿಕೊಳ್ಳುತ್ತದೆ, ಅದು ಮರೆಯುವುದಿಲ್ಲ.

ಇಷ್ಟಾದ ಮೇಲೂ ಒಂದು ಟೆಸ್ಟ್ ಬೇಕೇ ಬೇಕು. ಪೊಸಿಷನ್ ಅನ್ನು ಮೇಲೆ ಕೆಳಗೆ ತಿರುಗಿಸಿ, ಬಣ್ಣ ಅದಲುಬದಲು ಮಾಡಿ. ಯಾರ ಸರದಿ ಅನ್ನುವುದನ್ನೂ, ಕ್ಯಾಸಲಿಂಗ್ (ರಾಜ, ಆನೆ ಒಂದೇ ನಡೆಯಲ್ಲಿ ಸರಿಯುವುದು) ಹಕ್ಕುಗಳನ್ನೂ ಬದಲಿಸಿ. ಸರದಿ ಇರುವವರ ಕಡೆಯಿಂದ ಲೆಕ್ಕ ಹಾಕಿದ ಸ್ಕೋರ್ ಒಂದು ಅಂಕವೂ ಆಚೀಚೆ ಆಗಬಾರದು. ಆಟ ಶುರುವಾಗುವ ಪೊಸಿಷನ್ ಒಂದರಲ್ಲೇ ನೋಡಿ ಸುಮ್ಮನಾಗಬೇಡಿ. ಅಲ್ಲಿ ಪಾಸ್ಡ್ ಪಾನ್ ಒಂದೂ ಇಲ್ಲ, ನನ್ನ ತಪ್ಪು ಅಲ್ಲಿ ಕಾಣುತ್ತಲೇ ಇರಲಿಲ್ಲ. ನಿಜವಾದ ಆಟಗಳ ಮಧ್ಯದಿಂದ, ಕೊನೆಯಿಂದ ಸಾವಿರಾರು ಪೊಸಿಷನ್ ತೆಗೆದುಕೊಂಡು ಓಡಿಸಿ.