ಒಂದು ಕಾದಂಬರಿ, ಐದು ಊರು, ನಡುವೆ ಅಂಚೆ

ನಮಸ್ಕಾರ. ಮೇಜಿನ ಮೇಲೆ ಕಾಣ್ತಿರೋದು 240 ಪುಟದ ಒಂದು ಕನ್ನಡ ಕಾದಂಬರಿ, ಎರಡು ರಟ್ಟು, ಖಾಕಿ ಕಾಗದ, ಒಂದಷ್ಟು ಇನ್‌ಲ್ಯಾಂಡ್ ಲೆಟರು, ಅಡುಗೆಮನೆಯ ತಕ್ಕಡಿ. ಇಷ್ಟಿದ್ರೆ ಮೈಸೂರು, ಮಂಗಳೂರು, ಶಿರಸಿ, ಧಾರವಾಡ, ಕಲಬುರಗಿ ಅಂತ ಐದು ಊರಲ್ಲಿರೋ ಐದು ಜನ ಒಂದೇ ಪುಸ್ತಕ ಓದಿ, ಅದರ ಬಗ್ಗೆ ಕಾಗದದಲ್ಲೇ ಜಗಳ ಆಡಬಹುದು. ವಾಟ್ಸಾಪಲ್ಲಿ ಆಡೋ ಜಗಳಕ್ಕಿಂತ ಇದು ನಿಧಾನ, ಅದಕ್ಕೇ ಸ್ವಲ್ಪ ಮರ್ಯಾದೆಯಾಗೂ ಇರುತ್ತೆ.

ಇದನ್ನ ಶುರು ಮಾಡೋರು ಮೊದಲು ಮಾಡೋ ಕೆಲಸ ಏನು ಗೊತ್ತಾ? ಪುಸ್ತಕದ ಜೊತೆಗೇ ಒಂದು ನೋಟ್‌ಬುಕ್ ಕಟ್ಟಿ ಕಳಿಸೋದು. ಓದಿದೋರು ಅದರಲ್ಲಿ ಅನಿಸಿದ್ದು ಬರೆದು ಮುಂದಿನೋರಿಗೆ ದಾಟಿಸ್ತಾರೆ. ನೋಡೋಕೆ ಚೆಂದ, ನಡೆಯೋದು ಕಷ್ಟ. ಮೊದಲು ಓದಿದೋರಿಗೆ ತಿಂಗಳುಗಟ್ಟಲೆ ಒಂದು ಉತ್ತರವೂ ಬರಲ್ಲ. ಕೊನೆಯಲ್ಲಿರೋರಿಗೆ ಸ್ವಂತ ಅಭಿಪ್ರಾಯವೇ ಹುಟ್ಟಲ್ಲ, ಯಾಕಂದ್ರೆ ನಾಲ್ಕು ಜನ ಹೇಳಿದ್ದನ್ನ ಓದ್ಕೊಂಡೇ ಅವರು ಮೊದಲ ಪುಟ ತೆಗೆಯೋದು. ಹಾಗಾಗಿ ಪುಸ್ತಕ ಒಂದು ದಾರಿಯಲ್ಲಿ ಹೋಗಲಿ, ಮಾತು ಇನ್ನೊಂದು ದಾರಿಯಲ್ಲಿ ಹೋಗಲಿ. ಈ ವಿಡಿಯೋದಲ್ಲಿ ಮುಂದೆ ಹೇಳೋದೆಲ್ಲ ಇದನ್ನ ಹಿಡ್ಕೊಂಡೇ.

ಅಂಚೆ ಇಲಾಖೆಯ ಲೆಕ್ಕವೂ ಇದಕ್ಕೇ ಹೊಂದುತ್ತೆ. ಪುಸ್ತಕ ಕಳಿಸೋಕೆ ಮೊದಲಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಲ್ಲಿ ನಿಂತುಹೋಯ್ತು. 2025ರ ಮೇ 1ರಿಂದ ಪುಸ್ತಕಗಳಿಗೇ ಅಂತ ಜ್ಞಾನ್ ಪೋಸ್ಟ್ ಅನ್ನೋ ಸೇವೆ ಶುರುವಾಗಿದೆ. 300 ಗ್ರಾಂವರೆಗೆ 20 ರೂಪಾಯಿ, ಅಲ್ಲಿಂದ ಹಂತ ಹಂತವಾಗಿ ಏರಿ 5 ಕೆಜಿಗೆ 100 ರೂಪಾಯಿ, ತೆರಿಗೆ ಬೇರೆ. ಟ್ರ್ಯಾಕಿಂಗ್ ನಂಬರ್ ಸಿಗುತ್ತೆ, ಆದ್ರೆ ನೆಲದ ಮೇಲಿನ ಸಾಗಣೆ, ವಿಮಾನ ಇಲ್ಲ. ಇದು ಮುದ್ರಿತ ಪುಸ್ತಕಕ್ಕೆ ಮಾತ್ರ, ಪುಸ್ತಕದ ಮೇಲೆ ಪ್ರಕಾಶಕರದ್ದೋ ಮುದ್ರಕರದ್ದೋ ಹೆಸರಿರಬೇಕು. ಕೈಬರಹದ ನೋಟ್‌ಬುಕ್ ಈ ದರದಲ್ಲಿ ಹೋಗಲ್ಲ. ಎರಡನ್ನೂ ಒಟ್ಟಿಗೇ ಕಳಿಸಬೇಕು ಅನ್ನೋ ಹಟ ಇದ್ರೆ ಸ್ಪೀಡ್ ಪೋಸ್ಟ್ ಮಾಡಿ, ಖರ್ಚು ಹೆಚ್ಚು. ದರ ಆಗಾಗ ಬದಲಾಗೋದ್ರಿಂದ ಕೌಂಟರಲ್ಲಿ ಒಂದು ಸಲ ಕೇಳ್ಕೊಂಡುಬಿಡಿ.

ಈಗ ತೂಕ. 1/8 ಡೆಮಿ ಆಕಾರ (ಕಾದಂಬರಿಗಳ ಸಾಮಾನ್ಯ ಅಳತೆ), 70 ಜಿಎಸ್‌ಎಂ ಕಾಗದ (ಒಂದು ಚದರ ಮೀಟರಿಗೆ 70 ಗ್ರಾಂ ತೂಗೋದು), 240 ಪುಟ ಅಂದ್ರೆ ಹೊದಿಕೆ ಸೇರಿ ಸುಮಾರು 270 ಗ್ರಾಂ. ಪುಸ್ತಕ ಮಾತ್ರ ತೂಗಿ 300ರ ಒಳಗಿದೆ ಅಂತ ಖುಷಿಪಡಬೇಡಿ. ರಟ್ಟು, ಕಾಗದ, ಟೇಪು ಸೇರಿದಾಗ ಮುಂದಿನ ಹಂತಕ್ಕೆ ಹೋಗೇ ಹೋಗುತ್ತೆ. ವ್ಯತ್ಯಾಸ ಸಣ್ಣದು, ಅದನ್ನ ಉಳಿಸೋಕೆ ರಟ್ಟು ತೆಗೆದು ಕಳಿಸೋದು ಮಾತ್ರ ಬೇಡ. ನಮ್ಮ ಕಾದಂಬರಿಗಳಲ್ಲಿ ಬಹುಪಾಲು ಬೆನ್ನಿಗೆ ಬರೀ ಅಂಟು ಹಾಕಿರೋವು. ಮೂಲೆಯ ಮೇಲೆ ಬಿದ್ದರೆ ಮೊದಲು ಬಿರಿಯೋದು ಆ ಬೆನ್ನೇ, ಎರಡನೇ ಮನೆ ಮುಟ್ಟೋ ಹೊತ್ತಿಗೆ ಹಾಳೆ ಉದುರೋಕೆ ಶುರು.

ಕಟ್ಟೋ ರೀತಿ ಹತ್ತಿರದಿಂದ ನೋಡಿ. ಪುಸ್ತಕಕ್ಕಿಂತ ಸುತ್ತಲೂ ಅರ್ಧ ಸೆಂಟಿಮೀಟರ್ ದೊಡ್ಡದಾಗಿ ಎರಡು ರಟ್ಟು ಕತ್ತರಿಸಿ. ಪೆಟ್ಟು ಬೀಳೋದು ರಟ್ಟಿನ ಅಂಚಿಗೆ, ಪುಸ್ತಕದ ಮೂಲೆಗಲ್ಲ. ಪುಸ್ತಕವನ್ನ ಮೊದಲು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಆಮೇಲೆ ರಟ್ಟಿನ ನಡುವೆ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಸಿ, ಮಂಗಳೂರು ಕಡೆ ಹೋಗೋ ಪೊಟ್ಟಣಕ್ಕೆ ಇದು ಬೇಕೇ ಬೇಕು. ಪ್ಲಾಸ್ಟಿಕ್‌ನ ಮಡಿಕೆ ಕೆಳಗೆ ಬರಲಿ, ಮೇಲಿದ್ರೆ ನೀರು ಅಲ್ಲೇ ಇಳಿಯುತ್ತೆ. ರಬ್ಬರ್ ಬ್ಯಾಂಡ್ ಹಾಕಬೇಡಿ, ಬಿಸಿಲಿಗೆ ಕರಗಿ ಹೊದಿಕೆಗೆ ಅಂಟುತ್ತೆ. ಸ್ಟೇಪ್ಲರ್ ಪಿನ್ ಬಿಚ್ಚೋರ ಬೆರಳು ಕುಯ್ಯುತ್ತೆ. ವಿಳಾಸ ಬಾಲ್‌ಪೆನ್ನಲ್ಲೇ ಬರೀರಿ, ಜೆಲ್ ಪೆನ್ ಒಂದು ಹನಿ ಮಳೆಗೇ ಹರಡಿಹೋಗುತ್ತೆ. ಪಿನ್‌ಕೋಡ್‌ನ ಆರು ಅಂಕಿ ಬಿಡಿಬಿಡಿಯಾಗಿ ಕಾಣಲಿ. ಕರ್ನಾಟಕದ ಪಿನ್ 56ರಿಂದ 59ರ ಒಳಗೆ ಶುರುವಾಗುತ್ತೆ, ಬೇರೇನಾದ್ರೂ ಬರೆದಿದ್ರೆ ಅಲ್ಲೇ ಗೊತ್ತಾಗುತ್ತೆ. ಹೊರಗಿನ ವಿಳಾಸ ಕಿತ್ತುಹೋದರೂ ಪೊಟ್ಟಣ ತಲುಪಬೇಕಲ್ಲ, ಪಡೆಯೋರ ವಿಳಾಸದ ಒಂದು ಚೀಟಿ ಒಳಗೂ ಇರಲಿ. ಆದ್ರೆ ಐದೂ ಜನರ ಮನೆ ವಿಳಾಸ, ಮೊಬೈಲ್ ನಂಬರ್ ಎಲ್ಲಾ ಪುಸ್ತಕಕ್ಕೆ ಅಂಟಿಸೋ ಅಭ್ಯಾಸ ಬಿಡಿ. ಪುಸ್ತಕ ಕೊನೆಗೆ ಯಾರ ಕೈ ಸೇರುತ್ತೋ ಯಾರಿಗೆ ಗೊತ್ತು.

ಹಳ್ಳಿಯಲ್ಲಿರೋ ಸದಸ್ಯರಿಗೆ ಪುಸ್ತಕ ತಲುಪೋದು ಸುಲಭ, ಅಲ್ಲಿಂದ ಹೊರಡೋದೇ ಕಷ್ಟ. ಶಾಖಾ ಅಂಚೆ ಕಚೇರಿಯಲ್ಲಿ ಎಲ್ಲ ಸೇವೆಯ ಬುಕಿಂಗೂ ಇರಲ್ಲ, ಪಕ್ಕದ ಉಪ ಅಂಚೆ ಕಚೇರಿಗೆ ಹೋಗಬೇಕಾಗಬಹುದು. ಅವರಿಗೆ ಸಂತೆ ದಿನ ನೋಡ್ಕೊಂಡು ಎರಡು ದಿನ ಹೆಚ್ಚು ಕೊಡಿ.

ಸರದಿ ಹಾಕೋಣ. ಓದೋಕೆ 14 ದಿನ, ದಾರಿಗೆ 6 ದಿನ, ಒಬ್ಬರಿಗೆ 20 ದಿನ. ಐದು ಜನಕ್ಕೆ 100 ದಿನ. ಕಲಬುರಗಿಯೋರು ಕೊನೆ ಪುಟ ಮುಗಿಸೋ ಹೊತ್ತಿಗೆ ಮೈಸೂರಿನೋರಿಗೆ ನಾಯಕನ ಹೆಸರೂ ಮರೆತಿರುತ್ತೆ. ಇದಕ್ಕೆ ಪರಿಹಾರ ಎರಡು ಪ್ರತಿ. ಒಂದು ಮೈಸೂರಿಂದ ಮಂಗಳೂರು, ಶಿರಸಿ. ಇನ್ನೊಂದು ಕಲಬುರಗಿಯಿಂದ ಧಾರವಾಡ. 60 ದಿನಕ್ಕೆ ಎಲ್ಲರದ್ದೂ ಮುಗೀತು. ಎರಡೂ ಪ್ರತಿ ಒಂದೇ ಮುದ್ರಣದ್ದಾಗಿದ್ರೆ ಒಳ್ಳೇದು. ಮರುಮುದ್ರಣದಲ್ಲಿ ಅಕ್ಷರದ ಗಾತ್ರ ಬದಲಾದ್ರೆ ಪುಟಸಂಖ್ಯೆ ಹೊಂದಲ್ಲ, ‘ಪುಟ 112 ನೋಡಿ’ ಅಂದ್ರೆ ಅಲ್ಲಿ ಬೇರೇನೋ ಇರುತ್ತೆ. ಬೇರೆ ಮುದ್ರಣವೇ ಸಿಕ್ಕಿದ್ರೆ ಅಧ್ಯಾಯ, ಪ್ಯಾರಾದ ಮೊದಲ ಎರಡು ಪದ ಬರೀರಿ. ವಿದೇಶದಲ್ಲಿರೋರು ತಮ್ಮದೇ ಪ್ರತಿ ಇಟ್ಕೊಳ್ಳಲಿ. ಇನ್‌ಲ್ಯಾಂಡ್ ದೇಶದೊಳಗೆ ಮಾತ್ರ ಓಡೋದು.

ಇನ್ನು ಮಾತಿನ ದಾರಿ, ಮಜಾ ಇರೋದು ಇಲ್ಲೇ. ಕಾದಂಬರಿಯನ್ನ ಮೊದಲೇ ಮೂರು ಭಾಗ ಮಾಡಿ, ತಂಗೋ ಅಧ್ಯಾಯ ಗೊತ್ತುಮಾಡಿ. ಉದಾಹರಣೆಗೆ 8, 17, ಕೊನೆ. ಪ್ರತಿ ತಂಗುದಾಣದಲ್ಲೂ ಒಂದು ಇನ್‌ಲ್ಯಾಂಡ್, ಎರಡೂವರೆ ರೂಪಾಯಿ. ಮುಂದಿನ ಭಾಗಕ್ಕೆ ಕೈ ಹಾಕೋ ಮುಂಚೆಯೇ ಬರೀಬೇಕು. ಕೊನೆ ಗೊತ್ತಾದ ಮೇಲೆ ‘ನನಗೆ ಆಗಲೇ ಅನುಮಾನ ಇತ್ತು’ ಅನ್ನೋರು ಎಲ್ಲ ಕೂಟದಲ್ಲೂ ಒಬ್ಬರಿರ್ತಾರೆ, ಅಂಚೆ ಮುದ್ರೆಯ ತಾರೀಖು ಅವರನ್ನ ಹಿಡಿಯುತ್ತೆ. ಕಾಗದ ಮಡಿಸಿದ ಮೇಲೆ ಕಳಿಸೋರ ವಿಳಾಸದ ಪಕ್ಕ ‘8ರ ತನಕ’ ಅಂತ ಬರೀರಿ. ಅಲ್ಲಿವರೆಗೆ ಓದದೇ ಇರೋರು ಒಡೆಯದೆ ಎತ್ತಿಡ್ತಾರೆ. ಇನ್‌ಲ್ಯಾಂಡ್ ಒಳಗೆ ಚೀಟಿ, ಫೋಟೊ ಏನೂ ತುರುಕಬಾರದು, ತುರುಕಿದ್ರೆ ಪಡೆಯೋರು ದಂಡ ಕಟ್ಟಬೇಕಾಗುತ್ತೆ.

ಏನು ಬರೆಯೋದು? ‘ತುಂಬಾ ಚೆನ್ನಾಗಿದೆ, ಮನಸ್ಸಿಗೆ ಹತ್ತಿರವಾಯ್ತು’ ಅಂತ ಬಂದ ಕಾಗದಕ್ಕೆ ಯಾರೂ ಉತ್ತರ ಬರೆಯೋಕಾಗಲ್ಲ. ಈ ಮಾದರಿ ನೋಡಿ: ‘ಅಧ್ಯಾಯ 6. ಅಣ್ಣ ಜಮೀನಿನ ಪತ್ರಕ್ಕೆ ಓದದೇ ಸಹಿ ಹಾಕ್ತಾನೆ. ಅಧ್ಯಾಯ 2ರಲ್ಲಿ ಇದೇ ಮನುಷ್ಯ ಅಂಗಡಿ ಚೀಟಿಯನ್ನ ಎರಡು ಸಲ ಕೂಡಿಸಿ ನೋಡಿದ್ದ. ಇದು ಲೇಖಕರ ಮರೆವೋ, ಅವನಿಗೇ ಗೊತ್ತಿದ್ದೂ ಹಾಕಿದ್ದೋ? ಶಿರಸಿಯೋರು ಹೇಳಲಿ.’ ಜಾಗ ಇದೆ, ಆಧಾರ ಇದೆ, ಕೊನೆಗೊಂದು ಪ್ರಶ್ನೆ, ಅದೂ ಹೆಸರು ಹಿಡಿದು. ಯಾರಿಗೂ ಅಂತ ಹೇಳದೆ ಕೇಳಿದ ಪ್ರಶ್ನೆಗೆ ಯಾರೂ ಉತ್ತರ ಕೊಡಲ್ಲ.

ಕಾಗದ ಎಲ್ಲಾ ಒಬ್ಬರ ಮನೆಗೆ ಹೋಗಲಿ. ಅವರು ಜೆರಾಕ್ಸ್ ಮಾಡಿಸಿ, ಆ ಭಾಗ ದಾಟಿರೋರಿಗೆ ಮಾತ್ರ ಕಳಿಸ್ತಾರೆ. 5 ರೂಪಾಯಿ ಲಕೋಟೆಯ ಮಿತಿ 20 ಗ್ರಾಂ. ಎ4 ಹಾಳೆ ಒಂದಕ್ಕೆ ಸುಮಾರು 5 ಗ್ರಾಂ, ಲಕೋಟೆಯದ್ದೂ ಸೇರಿ ಮೂರು ಹಾಳೆ ಹಾಕಿದ್ರೆ ಅಂಚಿಗೆ ಬರುತ್ತೆ. ಎರಡೂ ಬದಿ ಜೆರಾಕ್ಸ್ ಮಾಡಿಸಿ ಎರಡೇ ಹಾಳೆ ಹಾಕಿ.

ಕೂಟ ನಿಂತುಹೋಗೋದು ಸಾಮಾನ್ಯವಾಗಿ ಒಬ್ಬರಿಂದ. ‘ಇನ್ನೂ ಓದಿಲ್ಲ, ಈ ಭಾನುವಾರ ಕೂತು ಓದ್ತೀನಿ’ ಅಂತಾರೆ, ಭಾನುವಾರ ಬರಲ್ಲ. ನಿಯಮ ಮೊದಲೇ ಮಾಡ್ಕೊಳ್ಳಿ: 15ನೇ ದಿನ ಓದಿರಲಿ ಬಿಡಲಿ ಪುಸ್ತಕ ಹೊರಡಬೇಕು. ಓದದೇ ಕಳಿಸಿದೋರಿಗೆ ಸುತ್ತಿನ ಕೊನೆಯಲ್ಲಿ ಮತ್ತೆ ಸರದಿ. ಊರಿಗೆ ಹೋಗೋದಿದ್ರೆ ಮುಂಚೆ ತಿಳಿಸಿ. ಮನೆಗೆ ಬೀಗ ಇದ್ರೆ ಪೊಟ್ಟಣ ಅಂಚೆ ಕಚೇರಿಯಲ್ಲಿ ಸಾಮಾನ್ಯವಾಗಿ ಏಳು ದಿನ ಕಾಯುತ್ತೆ, ಆಮೇಲೆ ಕಳಿಸಿದೋರಿಗೇ ವಾಪಸ್. ರಸೀದಿಯ ಫೋಟೊ ಅವತ್ತೇ ತೆಗೆದಿಡಿ, ಆ ಶಾಯಿ ಕೆಲವೇ ತಿಂಗಳಲ್ಲಿ ಮಾಸುತ್ತೆ.

ಸುತ್ತು ಮುಗಿದ ಮೇಲೆ ಒಂದು ಪ್ರತಿ ಕಾಗದ ಕೂಡಿಸಿದೋರಿಗೆ ಹೋಗಲಿ, ಜೆರಾಕ್ಸ್ ಅಂಗಡಿಗೆ ಅಲೆದಿದ್ದು ಅವರೇ ತಾನೆ. ಇನ್ನೊಂದಕ್ಕೆ ಚೀಟಿ ಎತ್ತಿ. ಮುಂದಿನ ಕಾದಂಬರಿಯ ಹೆಸರನ್ನ ಪ್ರತಿಯೊಬ್ಬರೂ ಕೊನೆಯ ಇನ್‌ಲ್ಯಾಂಡ್‌ನಲ್ಲೇ ಬರೆದು ಕಳಿಸಲಿ, ಅದಕ್ಕಂತ ಇನ್ನೊಂದು ಕಾಗದ ಬೇಡ.