ಪಿಕಪ್‌ಗೆ ಡೀಸೆಲ್ಲೋ ಪೆಟ್ರೋಲೋ: ಹೊರೆಯ ಜೊತೆಗೆ ಓಟವನ್ನೂ ಲೆಕ್ಕ ಹಾಕಿ

ನಮಸ್ಕಾರ. ಸಾಮಾನು ಸಾಗಿಸುವ ಗಾಡಿ ಎಂದ ಮೇಲೆ ಅದು ಡೀಸೆಲ್ ಗಾಡಿಯೇ ಆಗಿರಬೇಕು ಎಂಬುದು ನಮ್ಮಲ್ಲಿ ಬಹಳ ಕಾಲ ಯಾರೂ ಎದುರಾಡದ ಮಾತಾಗಿತ್ತು. ಆ ಮಾತು ಇವತ್ತು ಅರ್ಧಕ್ಕೆ ಮಾತ್ರ ನಿಜ ಎಂಬುದು ನನ್ನ ಅಭಿಪ್ರಾಯ. ಒಂದು ಟನ್ನಿಗಿಂತ ಕಡಿಮೆ ಹೊರೆ ಹೊತ್ತು ಊರೊಳಗೆ ನಿಂತು ನಿಂತು ಓಡುವ ಪಿಕಪ್‌ಗೆ ಈಗ ಡೀಸೆಲ್ ಎಂಜಿನ್ ಸರಿಯಾದ ಆಯ್ಕೆಯಲ್ಲ. ಒಂದು ಟನ್ ದಾಟಿದ ಹೊರೆಗೆ, ಹೆದ್ದಾರಿಯ ಉದ್ದ ಓಟಕ್ಕೆ ಮತ್ತು ಘಾಟಿ ರಸ್ತೆಗೆ ಮಾತ್ರ ಅದಕ್ಕೆ ಸರಿಸಾಟಿ ಇನ್ನೂ ಬಂದಿಲ್ಲ.

ಡೀಸೆಲ್ ಮೇಲಿನ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದಾಗ ಅದರಲ್ಲಿದ್ದದ್ದು 702 ಸಿಸಿಯ, ಎರಡು ಸಿಲಿಂಡರಿನ, 16 ಅಶ್ವಶಕ್ತಿಯ ಒಂದು ಪುಟ್ಟ ಡೀಸೆಲ್ ಎಂಜಿನ್. ಅದರ ಸದ್ದು ಜಾಸ್ತಿ, ನಡುಕ ಇನ್ನೂ ಜಾಸ್ತಿ. ಆದರೆ ಊರಿನ ಯಾವ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ ಜೋಡಿಸಬಹುದಾಗಿದ್ದ ಎಂಜಿನ್ ಅದು. ಇಂಧನದ ಬೆಲೆಯೂ ಡೀಸೆಲ್ ಪರವಾಗಿಯೇ ಇತ್ತು. ಪೆಟ್ರೋಲ್ ಬೆಲೆಯನ್ನು ಸರ್ಕಾರ 2010ರ ಜೂನ್‌ನಲ್ಲಿಯೇ ಮಾರುಕಟ್ಟೆಗೆ ಬಿಟ್ಟುಕೊಟ್ಟಿತ್ತಾದರೂ ಡೀಸೆಲ್ ಬೆಲೆಯ ಮೇಲಿನ ಹಿಡಿತವನ್ನು ಪೂರ್ತಿ ಬಿಟ್ಟದ್ದು 2014ರ ಅಕ್ಟೋಬರ್‌ನಲ್ಲಿ. ನಡುವಿನ ಆ ವರ್ಷಗಳಲ್ಲಿ ಎರಡರ ಅಂತರ ಎಷ್ಟು ಹಿಗ್ಗಿತೆಂದರೆ, 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ ದಾಟಿದಾಗ ಡೀಸೆಲ್ 41 ರೂಪಾಯಿಯ ಆಸುಪಾಸಿನಲ್ಲಿತ್ತು. ಆಗ ಪೆಟ್ರೋಲ್ ಪಿಕಪ್ ಕೊಳ್ಳುವ ಮಾತನ್ನು ಆಡಿದವರನ್ನು ನೋಡಿ ಜನ ನಕ್ಕಿದ್ದರೆ ಅದರಲ್ಲಿ ತಪ್ಪೇನೂ ಇರಲಿಲ್ಲ.

ಈಗಿನ ಲೆಕ್ಕ ಬೇರೆ. 2025ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಏರಿಸಿದ ನಂತರ ಬೆಂಗಳೂರಿನಲ್ಲಿ ಡೀಸೆಲ್ 91 ರೂಪಾಯಿಯ ಹತ್ತಿರ ಬಂದಿತು. ಪೆಟ್ರೋಲ್ 103ರ ಹತ್ತಿರ ಇತ್ತು. ಅಂದರೆ ಒಂದು ಕಾಲದ ಮೂವತ್ತು ರೂಪಾಯಿಯ ಅಂತರ ಹನ್ನೆರಡಕ್ಕೆ ಇಳಿಯಿತು. ಈ ಬೆಲೆಗಳನ್ನೇ ಇಟ್ಟುಕೊಂಡು, ಸಣ್ಣ ಪಿಕಪ್ ಒಂದು ಪೆಟ್ರೋಲ್‌ನಲ್ಲಿ ಲೀಟರಿಗೆ 15 ಕಿಲೋಮೀಟರ್, ಡೀಸೆಲ್‌ನಲ್ಲಿ 19 ಕಿಲೋಮೀಟರ್ ಕೊಡುತ್ತದೆ ಎಂದು ಊಹಿಸೋಣ. ಕಿಲೋಮೀಟರಿಗೆ ಪೆಟ್ರೋಲ್ ಖರ್ಚು 6 ರೂಪಾಯಿ 87 ಪೈಸೆ, ಡೀಸೆಲ್ ಖರ್ಚು 4 ರೂಪಾಯಿ 79 ಪೈಸೆ. ಉಳಿತಾಯ 2 ರೂಪಾಯಿ 8 ಪೈಸೆ. ಡೀಸೆಲ್ ಎಂಜಿನ್ನಿನ ದುಬಾರಿ ಆಯಿಲ್, ಫಿಲ್ಟರ್, ಇಂಧನ ಚಿಮ್ಮಿಸುವ ಇಂಜೆಕ್ಟರ್ ಇವುಗಳ ಬಾಬ್ತು ಐವತ್ತು ಪೈಸೆ ಕಳೆದರೆ ಕೈಯಲ್ಲಿ ಉಳಿಯುವುದು ಸುಮಾರು ಒಂದೂವರೆ ರೂಪಾಯಿ. ಡೀಸೆಲ್ ಗಾಡಿಗೆ ಒಂದು ಲಕ್ಷ ಹೆಚ್ಚು ಕೊಟ್ಟಿದ್ದೀರಿ ಎಂದಾದರೆ, ಅದು ವಾಪಸು ಬರಲು ಗಾಡಿ 63 ಸಾವಿರ ಕಿಲೋಮೀಟರ್ ಓಡಬೇಕು. ವರ್ಷಕ್ಕೆ ಮುನ್ನೂರು ದಿನ ಗಾಡಿ ಓಡುತ್ತದೆ ಎಂದಿಟ್ಟುಕೊಂಡರೆ, ದಿನಕ್ಕೆ 150 ಕಿಲೋಮೀಟರ್ ಓಡುವವರಿಗೆ ಇದು ಒಂದೂವರೆ ವರ್ಷದೊಳಗಿನ ಮಾತು. ದಿನಕ್ಕೆ 40 ಕಿಲೋಮೀಟರ್ ಓಡುವವರಿಗೆ ಐದು ವರ್ಷಕ್ಕೂ ಹೆಚ್ಚು ಬೇಕು, ಅಂದರೆ ಸಾಲದ ಕಂತುಗಳೆಲ್ಲ ತೀರಿದ ಮೇಲೆ ಅವರ ಡೀಸೆಲ್ ಲಾಭ ಶುರುವಾಗುತ್ತದೆ. ಆ ಹೆಚ್ಚುವರಿ ಒಂದು ಲಕ್ಷಕ್ಕೆ ಫೈನಾನ್ಸ್‌ನವರು ಹಾಕುವ ಬಡ್ಡಿಯನ್ನು ನಾನು ಇಲ್ಲಿ ಸೇರಿಸಿಯೇ ಇಲ್ಲ. ಅಂಕಿಗಳು ಊಹೆಯವು, ನಿಮ್ಮ ಗಾಡಿಯ ಬೆಲೆ, ನಿಮ್ಮೂರ ಬಂಕಿನ ದರ ಮತ್ತು ನಿಮ್ಮ ನಿತ್ಯದ ಓಟವನ್ನು ಇದೇ ಲೆಕ್ಕಕ್ಕೆ ಹಾಕಿ ನೋಡಿಕೊಳ್ಳಿ.

ಹಣದ ಲೆಕ್ಕಕ್ಕಿಂತ ಹೆಚ್ಚು ಹೊತ್ತು ಮಾತಾಡಬೇಕಾದ ವಿಷಯ ಇನ್ನೊಂದಿದೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಜಾರಿಗೆ ಬಂತು, ಮತ್ತು ಅದರೊಂದಿಗೆ ಡೀಸೆಲ್ ಗಾಡಿಯ ಸ್ವಭಾವವೇ ಬದಲಾಯಿತು. ಡೀಸೆಲ್ ಉರಿದಾಗ ಹುಟ್ಟುವ ಸೂಕ್ಷ್ಮ ಮಸಿಯನ್ನು ಹೊರಗೆ ಬಿಡದೆ ಹಿಡಿದಿಡಲು ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಜಾಲರಿಯಂತಹ ಫಿಲ್ಟರ್ ಬಂದು ಕುಳಿತಿತು. ಹಿಡಿದ ಮಸಿ ಒಳಗೇ ತುಂಬಿಕೊಳ್ಳುತ್ತಾ ಹೋಗುವುದರಿಂದ ಅದನ್ನು ಆಗಾಗ ಸುಟ್ಟು ಖಾಲಿ ಮಾಡಬೇಕು, ಹಾಗೆ ಸುಡುವುದಕ್ಕೆ ಫಿಲ್ಟರಿನೊಳಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಹೆದ್ದಾರಿಯಲ್ಲಿ ಒಂದೇ ಸಮನೆ ಲೋಡು ಎಳೆದು ಓಡುವ ಗಾಡಿಯಲ್ಲಿ ಹೊಗೆ ಮೊದಲೇ ಚೆನ್ನಾಗಿ ಕಾದಿರುವುದರಿಂದ ಈ ಕೆಲಸ ಮಾಲೀಕನಿಗೆ ಗೊತ್ತೇ ಆಗದಂತೆ ಮುಗಿದುಹೋಗುತ್ತದೆ. ಊರೊಳಗೆ ಅರ್ಧ ಕಿಲೋಮೀಟರಿಗೊಮ್ಮೆ ನಿಲ್ಲುವ ಗಾಡಿಯಲ್ಲಿ ಹೊಗೆ ಅಷ್ಟು ಕಾಯುವುದೇ ಇಲ್ಲ. ಆಗ ಎಂಜಿನ್ ತಾನೇ ಹೆಚ್ಚುವರಿ ಡೀಸೆಲ್ ಸುರಿದು ಬಿಸಿ ಏರಿಸಲು ನೋಡುತ್ತದೆ. ಐಡ್ಲಿಂಗ್, ಅಂದರೆ ಗಾಡಿ ನಿಂತಾಗ ಎಂಜಿನ್ ತಿರುಗುವ ವೇಗ, ಸ್ವಲ್ಪ ಏರುತ್ತದೆ, ಫ್ಯಾನ್ ಜೋರಾಗಿ ತಿರುಗುತ್ತದೆ, ಗಾಡಿಯ ಕೆಳಗಿನಿಂದ ಕಾದ ವಾಸನೆ ಬರುತ್ತದೆ. ಅಷ್ಟರಲ್ಲಿ ಅಂಗಡಿ ಬಂತೆಂದು ಡ್ರೈವರ್ ಕೀಲಿ ತಿರುಗಿಸಿ ಆಫ್ ಮಾಡುತ್ತಾನೆ, ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹೀಗೆ ಮತ್ತೆ ಮತ್ತೆ ಆದರೆ ಮೀಟರಿನಲ್ಲಿ ಕಿತ್ತಳೆ ದೀಪ ಹೊತ್ತಿಕೊಳ್ಳುತ್ತದೆ. ದೀಪವನ್ನು ಕಡೆಗಣಿಸಿದರೆ ಎಂಜಿನ್ ತನ್ನ ಶಕ್ತಿಯನ್ನು ತಾನೇ ತಗ್ಗಿಸಿಕೊಂಡು ಏರಿನಲ್ಲಿ ತೆವಳತೊಡಗುತ್ತದೆ. ಇದರ ಜೊತೆಗೆ, ಮಸಿ ಸುಡಲೆಂದು ಸುರಿದ ಡೀಸೆಲ್‌ನ ಒಂದಂಶ ಸಿಲಿಂಡರಿನ ಗೋಡೆಯಿಂದ ಇಳಿದು ಎಂಜಿನ್ ಆಯಿಲ್‌ಗೆ ಸೇರಿ ಅದನ್ನು ತೆಳ್ಳಗೆ ಮಾಡುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದಾಗ ಆಯಿಲ್ ಮಟ್ಟ ಇಳಿಯುವ ಬದಲು ಏರಿದ್ದರೆ ಸಂತೋಷಪಡಬೇಡಿ.

ಇದಕ್ಕೆ ನಮ್ಮ ಕೆಲವು ಗ್ಯಾರೇಜುಗಳು ಕಂಡುಕೊಂಡಿರುವ ಮದ್ದು ಆ ಫಿಲ್ಟರನ್ನೇ ಕಿತ್ತು ಹಾಕಿ ಸಾಫ್ಟ್‌ವೇರ್ ತಿದ್ದುವುದು. ಅದು ಕಾನೂನಿಗೆ ವಿರುದ್ಧ, ವಾರಂಟಿಗೆ ತಿಲಾಂಜಲಿ, ಮತ್ತು ಎಫ್‌ಸಿಗೆ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರಕ್ಕೆ) ಹೋದ ದಿನ ತಲೆನೋವು. ಹಳದಿ ಬೋರ್ಡಿನ ಗಾಡಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕೆಂಬುದು ನೆನಪಿರಲಿ. ಹಾಗಾಗಿ ಡೀಸೆಲ್ ಕೊಳ್ಳಬೇಕೆಂದಿರುವವರನ್ನು ನಾನು ಮೊದಲು ಕೇಳುವುದು, ನಿಮ್ಮ ಗಾಡಿಗೆ ವಾರದಲ್ಲಿ ಕೆಲವು ಸಲವಾದರೂ ಅರ್ಧ ಗಂಟೆ ತಡೆಯಿಲ್ಲದ ರಸ್ತೆ ಸಿಗುತ್ತದೆಯೇ ಎಂದು. ಮೈಲೇಜಿನ ಮಾತು ಆಮೇಲೆ.

ಬೆಂಗಳೂರಿನ ಬಡಾವಣೆಗಳಲ್ಲಿ ಇಪ್ಪತ್ತು ಲೀಟರಿನ ನೀರಿನ ಕ್ಯಾನು ಹಂಚುವ ಗಾಡಿಯನ್ನು ಗಮನಿಸಿ. ತುಂಬಿದ ಕ್ಯಾನೊಂದು ಹತ್ತಿರ ಹತ್ತಿರ 21 ಕೆಜಿ ತೂಗುತ್ತದೆ, 35 ಕ್ಯಾನು ಏರಿಸಿದರೆ 735 ಕೆಜಿ. 750 ಕೆಜಿ ಪಾಸಿಂಗ್ (ಕಾನೂನು ಒಪ್ಪುವ ಹೊರೆ) ಇರುವ ಗಾಡಿಗೆ ಅದು ತಕ್ಕ ಹೊರೆ. ಆದರೆ ಆ ಪೂರ್ತಿ ಹೊರೆ ಗಾಡಿಯ ಮೇಲಿರುವುದು ಪ್ಲಾಂಟಿನಿಂದ ಮೊದಲ ಬೀದಿಯವರೆಗೆ ಮಾತ್ರ. ಅಲ್ಲಿಂದ ಮುಂದೆ ಪ್ರತಿ ಮನೆಗೂ ಒಂದೆರಡು ಕ್ಯಾನು ಇಳಿಯುತ್ತವೆ, ಖಾಲಿ ಕ್ಯಾನು ಏರುತ್ತವೆ, ಹೊರೆ ಕರಗುತ್ತಾ ಹೋಗುತ್ತದೆ, ಎಂಜಿನ್ ಗಂಟೆಗೆ ಹತ್ತಾರು ಸಲ ಆಫ್ ಆಗಿ ಆನ್ ಆಗುತ್ತದೆ. ಎರಡನೇ ಗೇರು ದಾಟುವ ಸಂದರ್ಭವೇ ಕಡಿಮೆ. ಡಿಪಿಎಫ್ ಇರುವ ಎಂಜಿನ್‌ಗೆ ಇದಕ್ಕಿಂತ ಕೆಟ್ಟ ದಿನಚರಿಯನ್ನು ಬೇಕೆಂದೇ ರೂಪಿಸಿದರೂ ರೂಪಿಸಲಾಗದು. ಏಸ್‌ನ 694 ಸಿಸಿ ಪೆಟ್ರೋಲ್ ಎಂಜಿನ್‌ನ 30 ಅಶ್ವಶಕ್ತಿ ಇಂತಹ ಕೆಲಸಕ್ಕೆ ಧಾರಾಳವಾಗಿ ಸಾಕು. ಡೀಸೆಲ್‌ನಿಂದಲೇ ಹುಟ್ಟಿದ ಏಸ್‌ನ ಹೆಸರಿನಲ್ಲಿ 2025ರಲ್ಲಿ ಬಂದ ಏಸ್ ಪ್ರೊ ಗಾಡಿಯು ಪೆಟ್ರೋಲ್, ಪೆಟ್ರೋಲ್ ಜೊತೆ ಸಿಎನ್‌ಜಿ ಮತ್ತು ವಿದ್ಯುತ್ ರೂಪಗಳಲ್ಲಿ ಬಂದಿತೇ ಹೊರತು ಡೀಸೆಲ್ ರೂಪದಲ್ಲಿ ಬರಲಿಲ್ಲ. 2016ರಲ್ಲಿ 793 ಸಿಸಿ ಡೀಸೆಲ್ ಎಂಜಿನ್ನಿನೊಂದಿಗೆ ಬಂದಿದ್ದ ಮಾರುತಿ ಸೂಪರ್ ಕ್ಯಾರಿ ಈಗ ಪೆಟ್ರೋಲ್ ಮತ್ತು ಸಿಎನ್‌ಜಿಯಲ್ಲಿ ಮಾತ್ರ ಸಿಗುತ್ತದೆ. ಕಂಪನಿಗಳು ಜನರಿಗಿಂತ ಮೊದಲು ಈ ಲೆಕ್ಕ ಹಾಕಿ ಮುಗಿಸಿವೆ ಎನ್ನಬಹುದು.

ಇನ್ನು ಕೋಲಾರದ ಟೊಮ್ಯಾಟೊ ಮಾರುಕಟ್ಟೆಗೆ ಬನ್ನಿ. ಅಲ್ಲಿ ಹಣ್ಣು ತುಂಬುವ ಬಾಕ್ಸ್ ಒಂದರಲ್ಲಿ 15 ಕೆಜಿ. ನೂರು ಬಾಕ್ಸ್ ಏರಿಸಿದರೆ ಹಣ್ಣೇ ಒಂದೂವರೆ ಟನ್, ಬಾಕ್ಸುಗಳ ತೂಕ ಬೇರೆ. ಸಂಜೆ ಹೊರಟು ಮುಳಬಾಗಿಲು ದಾಟಿ ಬೆಳಗಿನೊಳಗೆ ಚೆನ್ನೈನ ಕೊಯಂಬೇಡು ಮಾರುಕಟ್ಟೆ ತಲುಪಬೇಕೆಂದರೆ 200 ಕಿಲೋಮೀಟರಿಗೂ ಮೀರಿದ ನಿಲ್ಲದ ಓಟ. ಈ ಕೆಲಸಕ್ಕೆ ಬೊಲೆರೋ ಪಿಕಪ್‌ನ ಎರಡೂವರೆ ಲೀಟರ್ ಡೀಸೆಲ್ ಎಂಜಿನ್ ಹೇಳಿ ಮಾಡಿಸಿದಂತಿದೆ. ಸುಮಾರು 200 ನ್ಯೂಟನ್ ಮೀಟರ್ ಎಳೆತ (ಟಾರ್ಕ್) ಎಂಜಿನ್ ನಿಧಾನಕ್ಕೆ ತಿರುಗುವಾಗ, ಅಂದರೆ ಕಡಿಮೆ ಸುತ್ತಿನಲ್ಲೇ, ಕೈಗೆ ಸಿಗುತ್ತದೆ. ಅದೇ ಸೂಪರ್ ಕ್ಯಾರಿಯ 1.2 ಲೀಟರ್ ಪೆಟ್ರೋಲ್ ಎಂಜಿನ್ ತನ್ನ ಪೂರ್ಣ ಎಳೆತವಾದ 104 ನ್ಯೂಟನ್ ಮೀಟರ್ ಕೊಡುವುದು ನಿಮಿಷಕ್ಕೆ 2,900 ಸುತ್ತಿನ ಹತ್ತಿರ. ಶಿರಾಡಿಯ ಏರಿನಲ್ಲಿ ತುಂಬಿದ ಗಾಡಿ ನಿಂತಲ್ಲಿಂದ ಹೊರಡಬೇಕಾದಾಗ ಈ ವ್ಯತ್ಯಾಸ ನೇರವಾಗಿ ಕ್ಲಚ್ ಪ್ಲೇಟಿನ ಮೇಲೆ ಬೀಳುತ್ತದೆ: ಡೀಸೆಲ್ ಡ್ರೈವರ್ ಕ್ಲಚ್ ಬಿಟ್ಟು ನಿಧಾನಕ್ಕೆ ಹೊರಡುತ್ತಾನೆ, ಪೆಟ್ರೋಲ್ ಡ್ರೈವರ್ ರೇಸ್ ಕೊಟ್ಟು ಕ್ಲಚ್ಚನ್ನು ಅರೆಬರೆ ಒತ್ತಿಕೊಂಡು ಹೊರಡುತ್ತಾನೆ.

ಈ ಎಳೆತ ಬರುವುದು ಎಲ್ಲಿಂದ? ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನೇ ಹದಿನಾರು, ಹದಿನೆಂಟು ಪಟ್ಟು ಒತ್ತಿ ಕಾಯಿಸಿ ಅದರೊಳಕ್ಕೆ ಇಂಧನ ಚಿಮ್ಮಿಸುತ್ತದೆ. ಪೆಟ್ರೋಲ್‌ನಲ್ಲಿ ಈ ಒತ್ತುವಿಕೆ ಹತ್ತು ಪಟ್ಟಿನ ಆಸುಪಾಸು. ಹೆಚ್ಚು ಒತ್ತಿದಷ್ಟೂ ಉರಿಯಿಂದ ಹೆಚ್ಚು ಕೆಲಸ ಸಿಗುತ್ತದೆ. ಅದರ ಮೇಲೆ ಟರ್ಬೊ ಸೇರಿದಾಗ ಕಡಿಮೆ ಸುತ್ತಿನಲ್ಲೂ ಸಿಲಿಂಡರಿಗೆ ಹೆಚ್ಚು ಗಾಳಿ ನುಗ್ಗಿ ಎಳೆತ ಏರುತ್ತದೆ. ಲೀಟರಿಗೆ ಲೀಟರ್ ಹೋಲಿಸಿದರೂ ಡೀಸೆಲ್‌ನಲ್ಲಿ ಪೆಟ್ರೋಲ್‌ಗಿಂತ ಶೇಕಡಾ ಹತ್ತರಷ್ಟು ಹೆಚ್ಚು ಶಕ್ತಿ ಅಡಗಿದೆ.

ಪೆಟ್ರೋಲ್ ಪಕ್ಷ ವಹಿಸುವವರು ಮರೆಮಾಚಬಾರದ ಸಂಗತಿ ಇ20. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಐದರಲ್ಲಿ ಒಂದು ಪಾಲು ಎಥನಾಲ್. ಎಥನಾಲ್‌ನ ಶಕ್ತಿ ಪೆಟ್ರೋಲ್‌ನ ಮೂರರಲ್ಲಿ ಎರಡು ಭಾಗದಷ್ಟೇ ಆದ್ದರಿಂದ ಪ್ರತಿ ಲೀಟರಿನಲ್ಲಿ ಶಕ್ತಿ ಶೇಕಡಾ ಆರೇಳರಷ್ಟು ಕಡಿಮೆಯಾಗುತ್ತದೆ, ಮೈಲೇಜೂ ಹೆಚ್ಚುಕಡಿಮೆ ಅದರ ಹಿಂದೆಯೇ ಇಳಿಯುತ್ತದೆ. ಬೆಳಗಾವಿಯ, ಮಂಡ್ಯದ ಕಬ್ಬು ಬೆಳೆಗಾರರಿಗೆ ಇದರಿಂದ ಅನುಕೂಲವಾಗಲಿ, ನನ್ನ ತಕರಾರಿಲ್ಲ. ಆದರೆ ಹಳೆಯ ಮೈಲೇಜ್ ಅಂಕಿಗಳನ್ನು ಹಿಡಿದುಕೊಂಡು ಪೆಟ್ರೋಲ್ ಪಿಕಪ್‌ನ ಲೆಕ್ಕ ಹಾಕಬೇಡಿ.

ಇದಕ್ಕಿಂತ ದೊಡ್ಡ ತೊಡಕು ನಮ್ಮ ಅಭ್ಯಾಸದ್ದು. 750 ಕೆಜಿ ಪಾಸಿಂಗ್ ಇರುವ ಗಾಡಿಗೆ ಒಂದೂಕಾಲು ಟನ್ ಸಿಮೆಂಟ್ ಏರಿಸುವುದು ನಮ್ಮಲ್ಲಿ ಓವರ್‌ಲೋಡ್ ಎಂದು ಯಾರಿಗೂ ಅನ್ನಿಸುವುದಿಲ್ಲ, ಅದು ನಿತ್ಯದ ಟ್ರಿಪ್. ಹಳೆಯ ಡೀಸೆಲ್ ಅದನ್ನು ಗೊಣಗುತ್ತಾ ಎಳೆದುಬಿಡುತ್ತಿತ್ತು. ಸಣ್ಣ ಪೆಟ್ರೋಲ್ ಎಂಜಿನ್ ಹಾಗಲ್ಲ. ಎತ್ತರದ ಸುತ್ತಿನಲ್ಲಿ ಅರಚುತ್ತದೆ, ಕಾಯುತ್ತದೆ, ಮೈಲೇಜ್ ಅರ್ಧಕ್ಕೆ ಕುಸಿಯುತ್ತದೆ. ನಿಮ್ಮ ಹೊರೆ ಪಾಸಿಂಗ್ ಮೀರುತ್ತದೆ ಎಂದು ನಿಮಗೆ ಈಗಲೇ ಗೊತ್ತಿದ್ದರೆ ಡೀಸೆಲ್ಲೋ ಪೆಟ್ರೋಲೋ ಎಂಬ ಚರ್ಚೆಯನ್ನು ಬದಿಗಿಟ್ಟು ಒಂದು ಅಳತೆ ದೊಡ್ಡ ಗಾಡಿಯನ್ನೇ ನೋಡಿ. ಬ್ರೇಕು, ಆಕ್ಸಲ್, ಟೈರುಗಳಿಗೆ ಒಳಗೆ ಉರಿಯುವ ಇಂಧನ ಯಾವುದೆಂಬುದು ಗೊತ್ತಿರುವುದಿಲ್ಲ, ಹಾಗೂ ಅಪಘಾತವಾದ ದಿನ ವಿಮೆಯವರು ಮೊದಲು ಕೇಳುವುದು ತೂಕದ ಚೀಟಿಯನ್ನು.

ಸಿಎನ್‌ಜಿ ಬಗ್ಗೆ ಎರಡು ಮಾತು. ಬಂಕ್ ನಿಮ್ಮ ದಾರಿಯಲ್ಲೇ ಇದ್ದರೆ ಅದು ಎರಡಕ್ಕಿಂತಲೂ ಅಗ್ಗದ ಓಟ. ಆದರೆ ಸಿಲಿಂಡರಿನ ತೂಕ ಹೊರೆಯಿಂದ ಕಳೆಯುತ್ತದೆ. ಸೂಪರ್ ಕ್ಯಾರಿ ಪೆಟ್ರೋಲ್‌ನಲ್ಲಿ 740 ಕೆಜಿ ಹೊತ್ತರೆ ಸಿಎನ್‌ಜಿಯಲ್ಲಿ 625 ಕೆಜಿ ಹೊರುತ್ತದೆ. ಮಲೆನಾಡಿನ ಒಳಊರುಗಳಲ್ಲಿ ಇರುವವರು ಹತ್ತಿರದ ಸಿಎನ್‌ಜಿ ಬಂಕ್ ಎಷ್ಟು ದೂರ ಎಂದು ನೋಡಿಕೊಂಡೇ ಮುಂದುವರಿಯಬೇಕು.

ಹಳೆಯ ಗಾಡಿ ಕೊಳ್ಳುವವರ ಪ್ರಶ್ನೆಯೂ ಇದೆ. ಬಿಎಸ್4 ಡೀಸೆಲ್ ಪಿಕಪ್‌ಗಳಲ್ಲಿ ಡಿಪಿಎಫ್ ಕಾಟ ಇಲ್ಲದ ಕಾರಣ ಅವನ್ನು ಹುಡುಕಿಕೊಂಡು ಹೋಗುವವರಿದ್ದಾರೆ, ಮತ್ತು ಅದು ದಡ್ಡತನವೇನಲ್ಲ. ಆದರೆ ಅವುಗಳ ನೋಂದಣಿ 2020ರ ಮಾರ್ಚ್‌ಗೆ ನಿಂತುಹೋಗಿದೆ. ಅಂದರೆ ತೀರಾ ಹೊಸದೆನ್ನುವ ಗಾಡಿಯೂ ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಬೇಕಾದ ಎಂಟು ವರ್ಷದ ಗಡಿಯ ಹತ್ತಿರಕ್ಕೆ ಬರುತ್ತಿದೆ. ಅಂತಹದ್ದನ್ನು ನೋಡಲು ಹೋದಾಗ ಮಾಲೀಕ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟ ಎಂಜಿನ್ ನೋಡಿ ಒಪ್ಪಬೇಡಿ. ಬೆಳಿಗ್ಗೆ ತಣ್ಣಗಿರುವಾಗ ನೀವೇ ಸ್ಟಾರ್ಟ್ ಮಾಡಿ, ಆಯಿಲ್ ತುಂಬುವ ಮುಚ್ಚಳ ತೆಗೆದು ಅಲ್ಲಿಂದ ಹೊಗೆ ಬುಸುಗುಟ್ಟುತ್ತದೆಯೇ ನೋಡಿ, ಫ್ಯೂಯಲ್ ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ನೀರು ಇಳಿಯುತ್ತದೆಯೇ ಎಂದು ಪರೀಕ್ಷಿಸಿ. ನೀರು ಇಳಿದರೆ, ಇಂಜೆಕ್ಟರುಗಳನ್ನು ಪರೀಕ್ಷೆಗೆ ಹಾಕಿಸಿದ ವರದಿ ಕೈಗೆ ಬರುವವರೆಗೆ ಅಡ್ವಾನ್ಸ್ ಕೊಡಬೇಡಿ.